ಎರಡನೇ ಆಲ್ಬಂ ಸಪ್ಪೆ ಎಂದು ಬರೆದವರು ನಾವೇ

ಹೋದ ತಿಂಗಳು ಚಿಂತಾಮಣಿ ಕಡೆಯ ಹುಡುಗನೊಬ್ಬ ನಮ್ಮನ್ನು ಹುಡುಕಿಕೊಂಡು ಬಂದಿದ್ದ. ನಾಲ್ಕು ಜನ ಸ್ನೇಹಿತರ ಜೊತೆ ಗಿಟಾರು, ತಮಟೆ, ಹಾರ್ಮೋನಿಯಂ ಇಟ್ಟುಕೊಂಡು ತತ್ವಪದ ಹಾಡುತ್ತಾನೆ. ಎರಡು ವರ್ಷದ ಹಿಂದೆ ಐದು ಹಾಡು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದ್ದರು. ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಅವು ಚೆನ್ನಾಗಿಯೇ ಓಡಾಡಿದವು. ಈಗ ಇನ್ನೂ ಆರು ಹಾಡು ಸಿದ್ಧ ಮಾಡಿಕೊಂಡಿದ್ದಾರೆ. ಅದರಲ್ಲಿ ಎರಡನ್ನು ಹಾಕಿ ನೋಡಿದರೆ ಬಂದದ್ದು ಒಂದೇ ಮಾತು: "ಮೊದಲಿನ ಥರ ಇಲ್ಲ." ಉಳಿದ ನಾಲ್ಕನ್ನು ಹಾಕುವುದೋ ಬಿಡುವುದೋ ಎಂದು ಕೇಳಲು ಬಂದಿದ್ದ.

ನಮ್ಮನ್ನೇ ಯಾಕೆ ಕೇಳುತ್ತೀಯಪ್ಪ ಎಂದೆವು. ಫೋನು ತೆಗೆದು ಒಂದು ಫೋಟೋ ತೋರಿಸಿದ. ನಾವು ಪತ್ರಿಕೋದ್ಯಮ ಓದುವಾಗ ತಂದ ಲ್ಯಾಬ್ ಜರ್ನಲ್ಲಿನ ಒಂದು ಪುಟ. ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಎರಡನೇ ಆಲ್ಬಂ ಮೇಲೆ ನಾವೇ ಬರೆದದ್ದು. ತಲೆಬರಹ 'ಆರಿದ ಅಗ್ನಿ'. "ಅಣ್ಣಾ, ಅಷ್ಟು ದೊಡ್ಡೋರಿಗೇ ನೀವು ಹಿಂಗೆ ಬರೆದಿದ್ದೀರ. ನಮ್ಮದು ಯಾವ ಲೆಕ್ಕ?" ಅಂದ.

ಅವನು ಹೋದ ಮೇಲೆ ನಾವು ಆ ಪುಟವನ್ನು ಮತ್ತೆ ಓದಿದೆವು. ಓದಿ ನಾಚಿಕೆಯಾಯಿತು. 'ಕೇಳುಗರ ಅಭಿಪ್ರಾಯ' ಎಂದು ಹಾಕಿದ್ದೇವೆ. ಅಭಿಪ್ರಾಯ ಕೊಟ್ಟವರು ಏಳು ಜನ, ಏಳೂ ಜನ ನಮ್ಮ ಹಾಸ್ಟೆಲಿನವರು. ಒಂದೇ ಸಂಜೆ, ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ ಮುಗಿಸಿದ ಸಮೀಕ್ಷೆ ಅದು. ನಾವಾದರೂ ಆಲ್ಬಂ ಪೂರ್ತಿ ಕೇಳಿದ್ದೆವಾ? ಇಲ್ಲ. ಮೂರು ಹಾಡು ಕೇಳಿ ಇಡೀ ಆಲ್ಬಂಗೆ ತೀರ್ಪು ಕೊಟ್ಟಿದ್ದೆವು. ಗ್ರಾಮೀಣ ಪತ್ರಿಕೋದ್ಯಮ ಓದುತ್ತಿದ್ದವರು ಒಬ್ಬ ಹಳ್ಳಿಯವನನ್ನೂ ಕೇಳಿರಲಿಲ್ಲ.

ಹಾಗಾಗಿ ಈ ಸಲ ಎರಡೂ ಆಲ್ಬಂಗಳನ್ನು ಮೊದಲಿಂದ ಕೊನೆಯವರೆಗೆ ಕೇಳಿದೆವು. ಆಮೇಲೆ ನಮ್ಮ ನಮ್ಮ ಊರಿನಲ್ಲಿ, ಅಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಲ್ಲಿ, ಹಾಡಿನ ಜೊತೆ ದಿನವೂ ಒಡನಾಟ ಇರುವ ಕೆಲವರನ್ನು ಕೂರಿಸಿಕೊಂಡು ಕೇಳಿಸಿದೆವು. ಇದನ್ನು ಸಮೀಕ್ಷೆ ಅಂತ ಕರೆಯುವುದಿಲ್ಲ. ಹಳೆಯ ತಪ್ಪಿಗೆ ತಿದ್ದುಪಡಿ ಅನ್ನಿ.

ಎರಡು ಆಲ್ಬಂ, ನಡುವೆ ಐದು ವರ್ಷ

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ಮೈಸೂರಿನಲ್ಲಿ 'ಅಂತರಾಗ್ನಿ' ಎಂಬ ತಂಡ ಕಟ್ಟಿಕೊಂಡು ವರ್ಷಗಟ್ಟಲೆ ಹಾಡಿದರು. ಆ ತಂಡ ಚದುರಿದ ಮೇಲೆ ಹುಟ್ಟಿದ್ದೇ ರಘು ದೀಕ್ಷಿತ್ ಪ್ರಾಜೆಕ್ಟ್. ಕಂಪನಿಗಳ ಬಾಗಿಲು ತಟ್ಟಿ ತಟ್ಟಿ ಬೇಡ ಅನ್ನಿಸಿಕೊಂಡ ಕತೆಯನ್ನು ಅವರೇ ಹಲವು ಕಡೆ ಹೇಳಿದ್ದಾರೆ. ಕೊನೆಗೆ ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿಯ ಕಂಪನಿಯಿಂದ 2008ರಲ್ಲಿ ಮೊದಲ ಆಲ್ಬಂ ಬಂತು. ಹಳೆಯ ತಂಡದ ಹೆಸರನ್ನೇ ಅದಕ್ಕೂ ಇಟ್ಟರು: 'ಅಂತರಾಗ್ನಿ'.

ಅದಾದ ಮೇಲೆ ತಂಡ ಹೊರದೇಶಕ್ಕೆ ಹೋಯಿತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಶಿಶುನಾಳ ಷರೀಫರ ಪದ ಹಾಡುವುದನ್ನು ಇಂಗ್ಲೆಂಡಿನವರು ಕುಣಿಯುತ್ತಾ ಕೇಳಿದರು. ಎರಡನೇ ಆಲ್ಬಂ 'ಜಗ್ ಚಂಗಾ' ಬಂದದ್ದು 2013ರಲ್ಲಿ. ಈ ಸಲ ಯಾವ ಕಂಪನಿಯನ್ನೂ ನೆಚ್ಚಿಕೊಳ್ಳದೆ ಸ್ವಂತವಾಗಿ ತಂದರು. ವಿದೇಶಿ ಕಲಾವಿದರೂ ಜೊತೆಗೂಡಿದರು.

ನಾವು 2008ರಲ್ಲಿ ಹೈಸ್ಕೂಲು. ನಮ್ಮ ಜಿಲ್ಲೆಗೂ ಆಗ ಇನ್ನೂ ಒಂದು ವರ್ಷ ತುಂಬಿರಲಿಲ್ಲ. 2007ರ ಆಗಸ್ಟಿನಲ್ಲಿ ಕೋಲಾರದಿಂದ ಬೇರೆಯಾಗಿತ್ತು. ಮೊದಲ ಆಲ್ಬಂ ನಮಗೆ ಅಂಗಡಿಯಲ್ಲಿ ಸಿಗಲಿಲ್ಲ, ಯಾರೂ ಸಿಡಿ ಕೊಂಡದ್ದಿಲ್ಲ. ಬಸ್‌ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡ್ ತುಂಬಾ ಹಾಡು ಹಾಕಿಕೊಡುತ್ತಿದ್ದರು. ರಾಜ್‌ಕುಮಾರ್, ಎಸ್ಪಿಬಿ, ತೆಲುಗು ಸಿನಿಮಾ, ಅಯ್ಯಪ್ಪನ ಭಜನೆ, ಇವೆಲ್ಲದರ ನಡುವೆ ಎಲ್ಲಿಂದಲೋ ಎರಡು ಮೂರು ಈ ಹಾಡುಗಳು ಸೇರಿಕೊಂಡಿದ್ದವು. ಫೈಲಿನ ಹೆಸರೂ ಸರಿ ಇರಲಿಲ್ಲ, 'ಟ್ರ್ಯಾಕ್ 3' ಅಂತಲೋ ಏನೋ ಇತ್ತು. ಹಾಡಿದವರು ಯಾರು ಅಂತ ಗೊತ್ತಾಗಲು ನಮಗೆ ಒಂದು ವರ್ಷ ಬೇಕಾಯಿತು. ಗುಡುಗುಡಿ ಸೇದುವ ಮಾತನ್ನು ಗಿಟಾರಿನ ಜೊತೆ ಹಾಡುವುದುಂಟಾ ಎಂದು ಬ್ಲೂಟೂತಿನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿಕೊಂಡು ಕೇಳಿದ್ದೇ ಕೇಳಿದ್ದು.

ಎರಡನೇದು ಬರುವ ಹೊತ್ತಿಗೆ ನಾವು ಡಿಗ್ರಿ. ಅದೇ ವರ್ಷ ಚಿಕ್ಕಬಳ್ಳಾಪುರ–ಕೋಲಾರ ನಡುವೆ ಬ್ರಾಡ್‌ಗೇಜ್ ರೈಲು ಶುರುವಾಗಿತ್ತು. ಶಿಡ್ಲಘಟ್ಟ, ಚಿಂತಾಮಣಿ ದಾಟಿಕೊಂಡು ಹೋಗುವ ಆ ಹೊಸ ರೈಲಿನಲ್ಲಿ ಒಬ್ಬೊಬ್ಬರೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಬೇರೆ ಬೇರೆ ಕೇಳಿದ್ದೇವೆ. ಆಲ್ಬಂ ಬರುವ ಮೊದಲೇ ಅದರ ಬಗ್ಗೆ ಗೊತ್ತಿತ್ತು. ಮೊದಲನೇದು ಹುಡುಕದೆಯೇ ಸಿಕ್ಕಿತ್ತು. ಎರಡನೇದಕ್ಕೆ ಕಾದು ಕೂತಿದ್ದೆವು. ಕಾದು ಕೂತವರ ಕಿವಿಯೇ ಬೇರೆ ಅನ್ನುವುದು ಆಗ ಹೊಳೆದಿರಲಿಲ್ಲ.

"ಹಿಂದಿ ಜಾಸ್ತಿ ಆಯ್ತು"

ನಮ್ಮ ಹಳೇ ಬರಹದ ಮೊದಲ ಆಪಾದನೆಯೇ ಇದು. ದೊಡ್ಡ ವೇದಿಕೆ ಸಿಕ್ಕಿದ ಮೇಲೆ ಕನ್ನಡ ಬಿಟ್ಟು ಹಿಂದಿ ಹಿಡಿದರು ಎಂದು ಬರೆದಿದ್ದೆವು. ಆಲ್ಬಂನ ಹೆಸರೇ ಹಿಂದಿಯವರ ಬಾಯಿಗೆ ಹೊಂದುವಂತಿದೆ ಎಂದು ಕುಟುಕಿದ್ದೆವು.

ಈಗ ಎಣಿಸಿ ನೋಡಿದೆವು. ಮೊದಲ ಆಲ್ಬಂನಲ್ಲಿ ಕನ್ನಡದ್ದು ಎರಡೇ ಹಾಡು: 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನಿಯ ಮಾಳಿಗಿ'. ಎರಡೂ ಷರೀಫರವು. ಒಂದು ಇಂಗ್ಲಿಷ್. ಉಳಿದದ್ದು ಹಿಂದಿ. ಎರಡನೇದರಲ್ಲೂ ಷರೀಫರು ಎರಡು ಹಾಡಿಗೆ ಬಂದಿದ್ದಾರೆ: 'ಲೋಕದ ಕಾಳಜಿ' ಮತ್ತು 'ಕೋಡಗನ ಕೋಳಿ ನುಂಗಿತ್ತ'. ಹಾಗಾದರೆ ಜಾಸ್ತಿ ಆದದ್ದು ಎಲ್ಲಿ? ಮೊದಲ ಆಲ್ಬಂನ ಹಿಂದಿ ಹಾಡುಗಳು ನಮ್ಮ ಮೆಮೊರಿ ಕಾರ್ಡಿಗೆ ಬಂದೇ ಇರಲಿಲ್ಲ. ಅಂಗಡಿಯವನು ಕನ್ನಡದ್ದು ಮಾತ್ರ ಆರಿಸಿ ಹಾಕಿದ್ದ. ನಾವು ಅದನ್ನೇ ಆಲ್ಬಂ ಅಂದುಕೊಂಡಿದ್ದೆವು.

ಕೈವಾರದ ಹತ್ತಿರದ ಹಳ್ಳಿಯೊಂದರಲ್ಲಿ ಭಜನೆ ಮೇಳದ ಹಿರಿಯರೊಬ್ಬರ ಮುಂದೆ ಈ ಮಾತು ತೆಗೆದಾಗ ಅವರು ನಕ್ಕುಬಿಟ್ಟರು. "ಭಾಷೆ ಲೆಕ್ಕ ಹಾಕೋರು ಕೈವಾರ ಸೀಮೇಲಿ ಹುಟ್ಟಬಾರ್ದಿತ್ತು" ಅಂದರು. ಸರಿಯಾದ ಮಾತೇ. ನಾವು ಕೈವಾರ ತಾತಯ್ಯ ಎಂದು ಕರೆಯುವ ಯೋಗಿ ನಾರೇಯಣ ಯತೀಂದ್ರರು ಬಳೆ ಮಾರಿ ಬದುಕಿದವರು. ಬಳೆಗಾರ ಊರೂರು ತಿರುಗುವವನು, ಹೋದ ಮನೆಯವರ ಮಾತಿನಲ್ಲೇ ಮಾತಾಡಬೇಕು. ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದರು. ಗುರುಪೂರ್ಣಿಮೆಗೆ ಕೈವಾರದಲ್ಲಿ ಕೂತು ಕೇಳಿದವರಿಗೆ ಗೊತ್ತು, ಒಂದು ಪದ ತೆಲುಗು, ಮುಂದಿನದು ಕನ್ನಡ, ಯಾರೂ ಎದ್ದು ಹೋಗುವುದಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂದು ಬೆಳೆದ ನಾವು ಪೇಟೆಗೆ ಹೋಗಿ ಓದಿದ ಮೇಲೆ ಹಾಡಿಗೆ ಭಾಷೆಯ ಪಹಣಿ ಕೇಳಿದ್ದೆವು.

ಆ ಹಿರಿಯರು ಎರಡೂ ಆಲ್ಬಂಗಳ ಷರೀಫರ ಹಾಡುಗಳನ್ನು ಕೇಳಿದರು. 'ಗುಡುಗುಡಿ'ಗೆ ಮೊದಲ ಸಲವೇ ತಾಳ ಹಾಕಿದರು. 'ಲೋಕದ ಕಾಳಜಿ'ಯನ್ನು ಎರಡು ಸಲ ಹಾಕಿಸಿಕೊಂಡರು. ಎರಡನೇ ಸಲಕ್ಕೆ ಪಲ್ಲವಿ ಅವರ ಬಾಯಿಗೆ ಬಂದಿತ್ತು. "ಇದು ಮೇಳಕ್ಕೆ ಬರ್ತದೆ" ಅಂದರು. ಯಾವ ಆಲ್ಬಂ ಚೆನ್ನಾಗಿದೆ ಎಂದು ನಾವು ಕೇಳಿದ್ದಕ್ಕೆ ಉತ್ತರ ಕೊಡಲೇ ಇಲ್ಲ. ಪ್ರಶ್ನೆಯೇ ಅವರಿಗೆ ತಲುಪಲಿಲ್ಲ ಅನ್ನುವುದು ಹೆಚ್ಚು ಸರಿ.

"ಸದ್ದು ಜಾಸ್ತಿ, ಜೀವ ಕಮ್ಮಿ"

ಎರಡನೇ ಆಪಾದನೆ. ಮೊದಲನೇದು ಹಸಿ ಹಸಿಯಾಗಿತ್ತು, ಎರಡನೇದಕ್ಕೆ ಪಾಲಿಶ್ ಹೊಡೆದಿದ್ದಾರೆ, ವಾದ್ಯಗಳ ಜಾತ್ರೆ ಮಾಡಿದ್ದಾರೆ ಎಂದು ಬರೆದಿದ್ದೆವು. ಇದರಲ್ಲಿ ಸತ್ಯ ಇಲ್ಲದಿಲ್ಲ. ಆದರೆ ಅರ್ಧ ಮಾತ್ರ.

ಶಿಡ್ಲಘಟ್ಟದಲ್ಲಿ ನಮ್ಮ ಗೆಳೆಯನ ಮನೆಯವರದ್ದು ರೇಷ್ಮೆ ನೂಲು ಬಿಚ್ಚುವ ಘಟಕ. ಬೆಳಿಗ್ಗೆ ಗೂಡಿನ ಮಾರುಕಟ್ಟೆಯಿಂದ ಲಾಟ್ ಬಂದರೆ ಸಂಜೆಯವರೆಗೆ ರಾಟೆ ನಿಲ್ಲುವುದಿಲ್ಲ. ಬಿಸಿನೀರಿನ ಆವಿ, ಹುಳುವಿನ ವಾಸನೆ, ರಾಟೆಯ ಗರಗರ. ಅಲ್ಲಿ ಒಂದು ಫೋನನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸಿ ಹಾಡು ಹಾಕುತ್ತಾರೆ, ಸದ್ದು ದೊಡ್ಡದಾಗಲಿ ಎಂದು. ನಾವೂ ಹಾಗೇ ಎರಡೂ ಆಲ್ಬಂ ಹಾಕಿಸಿದೆವು. ನೂಲು ತೆಗೆಯುವ ಒಬ್ಬ ಹೆಂಗಸು ಹೇಳಿದ್ದು ನಮ್ಮ ಯಾವ ವಿಮರ್ಶೆಗಿಂತ ನೇರವಾಗಿತ್ತು: "ಮೊದಲನೇದು ರಾಟೆ ಮೇಲೆ ಕೇಳಿಸ್ತದೆ. ಎರಡನೇದು ರಾಟೆ ಕೆಳಗೆ ಹೋಗ್ತದೆ."

ಯೋಚಿಸಿದರೆ ಇದು ಧ್ವನಿಯ ಲೆಕ್ಕ. ಮೊದಲ ಆಲ್ಬಂನಲ್ಲಿ ದನಿ ಮುಂದೆ ಇದೆ, ಗಿಟಾರು ತಾಳದಂತೆ ಬಡಿಯುತ್ತದೆ, ನಡುವೆ ಜಾಗ ಇದೆ. ಸಣ್ಣ ಸ್ಪೀಕರಿಗೆ ಅಷ್ಟು ಸಾಕು. ಎರಡನೇದರಲ್ಲಿ ಪದರ ಪದರವಾಗಿ ವಾದ್ಯಗಳಿವೆ. ಸಣ್ಣ ಫೋನಿನ ಸ್ಪೀಕರಿನಲ್ಲಿ ಬಾಸ್ ಗಿಟಾರು ಸತ್ತೇ ಹೋಗುತ್ತದೆ, ಉಳಿದದ್ದು ಒಂದರ ಮೇಲೊಂದು ಬಿದ್ದು ಗೋಜಲಾಗುತ್ತದೆ. ಅದೇ ಸಂಜೆ ಕೆಲಸ ಮುಗಿದ ಮೇಲೆ, ಗೆಳೆಯನ ತಮ್ಮನ ದೊಡ್ಡ ಹೆಡ್‌ಫೋನಿನಲ್ಲಿ ಆಕೆಗೆ ಅದೇ ಹಾಡು ಕೇಳಿಸಿದೆವು. ಕಣ್ಣು ಮುಚ್ಚಿಕೊಂಡು ಕೇಳಿದಳು. "ಓ, ಇದರೊಳಗೆ ಇಷ್ಟೆಲ್ಲಾ ಇತ್ತಾ?" ಅಂದಳು. ಆಮೇಲೆ ಅವಳೇ ಸೇರಿಸಿದಳು: "ಆದ್ರೆ ನಂಗೆ ಕೂತು ಕೇಳೋಕೆ ಪುರಸೊತ್ತು ಎಲ್ಲಿದೆ?"

ಈ ಕೊನೆಯ ಮಾತು ನಮಗೆ ಚುಚ್ಚಿತು. ಎರಡನೇ ಆಲ್ಬಂ ಒಳ್ಳೆಯ ಸ್ಪೀಕರು, ಬಿಡುವು ಎರಡೂ ಇರುವವರಿಗೆ ಹೆಚ್ಚು ಒದಗುತ್ತದೆ. ಅದು ಹಾಡಿನ ದೋಷ ಅಲ್ಲ. ಆದರೆ ದುಡಿಯುತ್ತಾ ಕೇಳುವವರ ಕಿವಿಗೆ ಅದು ಪೂರ್ತಿ ತಲುಪುವುದಿಲ್ಲ ಅನ್ನುವುದು ನಿಜ. 'ಜೀವ ಕಮ್ಮಿ' ಎಂದು ಬರೆಯುವ ಬದಲು ಇದನ್ನು ಬರೆದಿದ್ದರೆ ನಮ್ಮ ಲೇಖನಕ್ಕೆ ಅರ್ಥ ಇರುತ್ತಿತ್ತು.

"ಅಶ್ವತ್ಥ್ ಮುಂದೆ ಇದೇನು"

ಗೌರಿಬಿದನೂರಿನಲ್ಲಿ ನಾವು ಕೇಳಿಸಿದ್ದು ನಿವೃತ್ತ ಮೇಷ್ಟ್ರೊಬ್ಬರಿಗೆ. ಸುಗಮ ಸಂಗೀತದ ಹುಚ್ಚು ಇರುವವರು. ಒಂದು ಕಾಲಕ್ಕೆ ಶನಿವಾರ ಶಾಲೆ ಮುಗಿಸಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಸಂಗೀತ ಕಾರ್ಯಕ್ರಮ ಕೇಳಿ ರಾತ್ರಿ ವಾಪಸು ಬರುತ್ತಿದ್ದರಂತೆ. ಮನೆಯಲ್ಲಿ ಈಗಲೂ ಒಂದು ಪೆಟ್ಟಿಗೆ ತುಂಬಾ ಕ್ಯಾಸೆಟ್ಟುಗಳಿವೆ.

ಅವರ ತಕರಾರು ಬೇರೆಯೇ. "ಕೋಡಗನ ಕೋಳಿಯನ್ನ ಮುಟ್ಟಬಾರದಿತ್ತು" ಅಂದರು. ಸಿ. ಅಶ್ವತ್ಥ್ ಅವರ ಸಂಯೋಜನೆ ಕಿವಿಯಲ್ಲಿ ಕೂತುಬಿಟ್ಟಿದೆ. 1990ರಲ್ಲಿ ಟಿ.ಎಸ್. ನಾಗಾಭರಣ ಅವರ 'ಸಂತ ಶಿಶುನಾಳ ಷರೀಫ' ಸಿನಿಮಾ ಬಂದ ಮೇಲಂತೂ ಷರೀಫರು ಅಂದರೆ ಅಶ್ವತ್ಥ್ ಅವರ ರಾಗ, ಅಶ್ವತ್ಥ್ ಅವರ ದನಿ ಎಂದೇ ಆಗಿಹೋಯಿತು. ಮೊದಲ ಆಲ್ಬಂಗೆ ಅವರು ರಿಯಾಯಿತಿ ಕೊಟ್ಟಿದ್ದರು: "ಹೊಸ ಹುಡುಗ, ಹಾಡಲಿ ಬಿಡು ಅಂದುಕೊಂಡೆ." ಎರಡನೇ ಸಲಕ್ಕೆ ಆ ರಿಯಾಯಿತಿ ಇಲ್ಲ. ಈಗ ಹೆಸರು ಮಾಡಿದವನು, ಹಾಗಾಗಿ ಅಶ್ವತ್ಥ್ ಪಕ್ಕ ನಿಲ್ಲಿಸಿ ತೂಗಿದರು.

ನಾವು ಒಂದು ಮಾತು ಕೇಳಿದೆವು. ಅಶ್ವತ್ಥ್ ಅವರು ಷರೀಫರ ಪದಗಳಿಗೆ ರಾಗ ಹಾಕಿದಾಗ ಧಾರವಾಡ, ಹಾವೇರಿ ಕಡೆ ಏಕತಾರಿ ಹಿಡಿದು ಹಾಡುತ್ತಿದ್ದವರು ಏನಂದಿರಬಹುದು ಸಾರ್? ಷರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ಧ್ವನಿಮುದ್ರಣ ನಮ್ಮ ಕಡೆ ಬರುವ ಮೊದಲೇ ಹೋದವರು. ಅವರ ಪದ ಬಾಯಿಂದ ಬಾಯಿಗೆ ಬಂದದ್ದು. ಹಾಗಿದ್ದ ಮೇಲೆ 'ಮೂಲ ರಾಗ' ಅಂತ ನಾವು ಯಾವುದನ್ನು ಹಿಡಿದುಕೊಂಡು ಕೂರುವುದು?

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೀನು ಹೇಳೋದು ಸರಿ. ಆದರೂ ನನಗೆ ಅಶ್ವತ್ಥೇ ಆಗಬೇಕು" ಅಂದರು. ಆ ಪ್ರಾಮಾಣಿಕತೆಗೆ ನಾವು ಕೈಮುಗಿದೆವು. ತನಗೆ ಏನು ಇಷ್ಟ ಎಂದು ಹೇಳುವುದು ಬೇರೆ, ಯಾವುದು ಮೇಲು ಎಂದು ತೀರ್ಪು ಕೊಡುವುದು ಬೇರೆ. ನಮ್ಮ ಹಳೇ ಲೇಖನ ಮೊದಲನೇದನ್ನು ಮಾಡಿ ಎರಡನೇದರ ಅಂಗಿ ತೊಡಿಸಿತ್ತು.

ಇಲ್ಲದ ಹಾಡಿನ ನೆನಪು

ಚಿಕ್ಕಬಳ್ಳಾಪುರದಲ್ಲಿ ಸಿಕ್ಕಿದ ವಿಷಯ ನಮ್ಮನ್ನು ಬೆಚ್ಚಿಬೀಳಿಸಿತು. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾ ನಡೆಸುವ ಕೀಬೋರ್ಡ್ ಕಲಾವಿದರೊಬ್ಬರನ್ನು ಕೇಳಿದೆವು: ರಘು ದೀಕ್ಷಿತ್ ಅವರ ಯಾವ ಹಾಡಿಗೆ ಚೀಟಿ ಬರುತ್ತದೆ? ಒಂದು ಕ್ಷಣವೂ ಯೋಚಿಸದೆ ಹೇಳಿದರು, ಮಾದೇಶ್ವರನ ಹಾಡು. ಯಾವ ಆಲ್ಬಂದು ಅಂದೆವು. "ಮೊದಲನೇದೇ ಅಲ್ವಾ?"

ಅಲ್ಲ. ಅದು 2008ರಲ್ಲೇ ಬಂದ 'ಸೈಕೋ' ಸಿನಿಮಾದ ಹಾಡು. ಸಂಗೀತ ಅವರದ್ದೇ, ಆದರೆ ಆಲ್ಬಂನಲ್ಲಿ ಇಲ್ಲ. ನಗಬೇಡಿ, ನಮ್ಮಲ್ಲೂ ಇಬ್ಬರು ಅದನ್ನು ಮೊದಲ ಆಲ್ಬಂದೇ ಎಂದು ಇಷ್ಟು ವರ್ಷ ನಂಬಿದ್ದರು. ಒಂದೇ ವರ್ಷ ಬಂದದ್ದು, ಒಂದೇ ದನಿ, ಒಂದೇ ಮೆಮೊರಿ ಕಾರ್ಡು. ಹೀಗೆ ನಮ್ಮ ತಲೆಯೊಳಗಿನ 'ಮೊದಲ ಆಲ್ಬಂ' ನಿಜವಾದ ಮೊದಲ ಆಲ್ಬಂಗಿಂತ ದೊಡ್ಡದು. ಅದರಲ್ಲಿ ಸಿನಿಮಾ ಹಾಡೂ ಇದೆ, ಯಾರದೋ ಮೊಬೈಲಿನಲ್ಲಿ ನೋಡಿದ ವೇದಿಕೆಯ ವಿಡಿಯೋನೂ ಇದೆ, ಹದಿನೈದನೇ ವಯಸ್ಸೂ ಇದೆ. ಎರಡನೇ ಆಲ್ಬಂ ಪಾಪ, ತನ್ನಲ್ಲಿರುವ ಹಾಡುಗಳನ್ನಷ್ಟೇ ಇಟ್ಟುಕೊಂಡು ಇದರ ಎದುರು ನಿಲ್ಲಬೇಕಿತ್ತು.

ಅದೇ ಕಲಾವಿದರು ಇನ್ನೊಂದು ಹೇಳಿದರು. ಅವರ ತಂಡ 'ಲೋಕದ ಕಾಳಜಿ'ಯನ್ನೂ ಹಾಡುತ್ತದೆ. "ಕಾಲೇಜ್ ಡೇಗಳಲ್ಲಿ ಅದಕ್ಕೆ ಒನ್ಸ್ ಮೋರ್ ಬರ್ತದೆ. ಅದು ಎಷ್ಟನೇ ಆಲ್ಬಂ ಅಂತ ಚೀಟಿ ಬರೆಯೋರು ಕೇಳಲ್ಲ ಸಾರ್. ನಮಗೆ ಹಾಡು ಗೊತ್ತು, ಆಲ್ಬಂ ಗೊತ್ತಿಲ್ಲ."

ಮೊದಲ ಲಾಟ್, ಎರಡನೇ ಲಾಟ್

'ಎರಡನೇ ಆಲ್ಬಂ ಸಪ್ಪೆ' ಅನ್ನುವುದು ರಾಕ್ ಸಂಗೀತದಲ್ಲಿ ಹಳೆಯ ಗಾದೆಯಂತೆ ಆಗಿದೆ. ಮೊದಲನೇದನ್ನು ಬರೆಯಲು ಇಡೀ ಆಯುಷ್ಯ ಸಿಗುತ್ತದೆ, ಎರಡನೇದಕ್ಕೆ ಸಿಗುವುದು ಪ್ರಯಾಣದ ನಡುವಿನ ಬಿಡುವು ಮಾತ್ರ ಎಂಬ ವಿವರಣೆಯೂ ಇದೆ. ಇದು ನಿಜವಾದ ತಂಡಗಳಿವೆ. ಬ್ರಿಟನ್ನಿನ ಸ್ಟೋನ್ ರೋಸಸ್ 1989ರಲ್ಲಿ ಮೊದಲ ಆಲ್ಬಂನಿಂದಲೇ ಹೆಸರಾಯಿತು, ಐದು ವರ್ಷ ಬಿಟ್ಟು 1994ರಲ್ಲಿ ಬಂದ ಎರಡನೇದು ಆ ಎತ್ತರಕ್ಕೆ ಹೋಗಲಿಲ್ಲ ಎಂದು ಇಂದಿಗೂ ಹೇಳುತ್ತಾರೆ. ಸುಳ್ಳಾದ ತಂಡಗಳೂ ಇವೆ. ನಿರ್ವಾಣ ತಂಡವನ್ನು ಜಗತ್ತು ಗುರುತಿಸಿದ್ದೇ 1991ರಲ್ಲಿ ಬಂದ ಎರಡನೇ ಆಲ್ಬಂನಿಂದ. ನಮ್ಮ ದೇಶದ ಇಂಡಿಯನ್ ಓಷನ್ ತಂಡದ ಮೊದಲ ಆಲ್ಬಂ 1993ರದ್ದು, ಆದರೆ ಹೆಚ್ಚು ಜನ ನೆನಪಿಟ್ಟುಕೊಂಡಿರುವುದು 2000ದಲ್ಲಿ ಬಂದ 'ಕಂದೀಸಾ'ವನ್ನು.

ಇನ್ನೊಂದು ಲೆಕ್ಕ ನಮಗೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲೇ ಹೊಳೆಯಿತು. ಒಬ್ಬ ರೈತನ ಒಂದು ಲಾಟ್‌ಗೆ ಆ ದಿನದ ಅತಿ ಹೆಚ್ಚು ಬೆಲೆ ಸಿಕ್ಕಿತು ಅಂದುಕೊಳ್ಳಿ. ಸುದ್ದಿ ಆಗುತ್ತದೆ. ಮುಂದಿನ ಲಾಟ್‌ಗೆ ಒಳ್ಳೆಯ ಬೆಲೆಯೇ ಸಿಕ್ಕಿದರೂ ಮನೆಯವರು 'ಈ ಸಲ ಹೋಯ್ತು' ಅನ್ನುತ್ತಾರೆ. ನಷ್ಟವೇನೂ ಆಗಿಲ್ಲ, ಹೋಲಿಕೆ ಮಾತ್ರ ಆಗಿದೆ. ಮೊದಲ ಲಾಟೇ ಸಾಧಾರಣ ಆಗಿದ್ದರೆ ಎರಡನೇದರ ಬಗ್ಗೆ ಯಾರೂ ಮಾತೇ ಆಡುತ್ತಿರಲಿಲ್ಲ. ಹಾಡಿನಲ್ಲೂ ಅಷ್ಟೇ. ಮೊದಲ ಆಲ್ಬಂ ಮೆಚ್ಚುಗೆಯಾದ ತಂಡಗಳ ಎರಡನೇ ಆಲ್ಬಂ ಬಗ್ಗೆ ಮಾತ್ರ ಈ ಗಾದೆ ಹೇಳುತ್ತೇವೆ. ಹಾಗಾಗಿ ಗಾದೆ ಗೆಲ್ಲುವುದೇ ಹೆಚ್ಚು.

ಹಾಗಾದರೆ ನಮ್ಮ ನಿಲುವು?

ನಮ್ಮೊಳಗೆ ಒಮ್ಮತ ಇಲ್ಲ, ಅದನ್ನು ಮುಚ್ಚಿಡುವುದಿಲ್ಲ. ನಮ್ಮಲ್ಲಿ ಇಬ್ಬರು ಈಗಲೂ ಮೊದಲನೇದೇ ಮೇಲು ಅನ್ನುತ್ತಾರೆ. ಅವರ ವಾದ: ಮೊದಲ ಆಲ್ಬಂನಲ್ಲಿ ಹಾಡುವವನಿಗೆ ಕಳೆದುಕೊಳ್ಳಲು ಏನೂ ಇಲ್ಲ, ಕೇಳುವವರು ಇದ್ದಾರೋ ಇಲ್ಲವೋ ಗೊತ್ತಿಲ್ಲ, ಆದರೂ ಎದೆ ತೆರೆದು ಕೂಗುತ್ತಾನೆ. ಎರಡನೇದರಲ್ಲಿ ಎದುರಿಗೆ ಜನ ಕುಣಿಯುತ್ತಾರೆ ಎಂದು ಗೊತ್ತಿದ್ದು ಹಾಡುತ್ತಾನೆ. 'ಸೋರುತಿಹುದು ಮನಿಯ ಮಾಳಿಗಿ'ಯಲ್ಲಿ ಇರುವ ತಳಮಳ ಎರಡನೇ ಆಲ್ಬಂನಲ್ಲಿ ಎಲ್ಲಿಯೂ ಇಲ್ಲ ಅನ್ನುತ್ತಾರೆ. ಈ ವಾದವನ್ನು ಉಳಿದವರು ಒಪ್ಪದಿದ್ದರೂ ತಳ್ಳಿಹಾಕಲು ಆಗಿಲ್ಲ.

ಉಳಿದವರು ಹೇಳುವುದು: ತಳಮಳ ಒಂದೇ ರಸ ಅಲ್ಲ. ಊರಿಂದ ಹೊರಟು ನಾಲ್ಕು ದೇಶ ಸುತ್ತಿ ಬಂದವನು ಅದೇ ಸೋರುವ ಮಾಳಿಗೆಯ ಕೆಳಗೆ ಕೂತ ಹಾಗೆ ಹಾಡಿದರೆ ಅದು ನಾಟಕ. ಎರಡನೇ ಆಲ್ಬಂನಲ್ಲಿ ನೆಮ್ಮದಿ ಇದೆ, ಸಂಭ್ರಮ ಇದೆ. ಬಡವನ ಮಗ ನಕ್ಕರೆ ಮೊದಲಿನ ಥರ ಇಲ್ಲ ಅನ್ನುವ ನೆಂಟರ ಹಾಗೆ ನಾವು ಆಡಬಾರದು.

ಆದರೆ ಒಂದು ವಿಷಯಕ್ಕೆ ಎಲ್ಲರೂ ಒಪ್ಪಿದ್ದೇವೆ. 'ಮೊದಲಿನದೇ ಚೆನ್ನಾಗಿತ್ತು' ಅನ್ನುವುದು ಅಭಿಪ್ರಾಯ ಅಲ್ಲ, ಅಭ್ಯಾಸ. ಅದನ್ನು ಹೇಳಲು ಎರಡನೇದನ್ನು ಕೇಳಬೇಕಾಗಿಯೇ ಇಲ್ಲ. ನಾವು ಕೇಳದೆಯೇ ಹೇಳಿದ್ದೆವು. ಹೆಸರು ಮಾಡಿದ ತಂಡಕ್ಕೆ ನಮ್ಮ ಲ್ಯಾಬ್ ಜರ್ನಲ್ಲಿನಿಂದ ಕೂದಲೂ ಕೊಂಕಿಲ್ಲ. ಅವರು ಅದನ್ನು ಓದಿಯೂ ಇಲ್ಲ. ಆದರೆ ಅದೇ ಮಾತು ಹತ್ತು ವರ್ಷ ದಾಟಿ ಚಿಂತಾಮಣಿಯ ಒಬ್ಬ ಹುಡುಗನ ಫೋನಿನಲ್ಲಿ ಕೂತು, ಹಾಡು ನಿಲ್ಲಿಸು ಅನ್ನುತ್ತಿದೆ. ಅವನಿಗೆ ಇಂಗ್ಲೆಂಡಿನ ವೇದಿಕೆ ಇಲ್ಲ, ಕಂಪನಿ ಇಲ್ಲ. ಅವನ ಕೇಳುಗರು ಅಂದರೆ ನಾವೇ, ಈ ನಾಲ್ಕು ತಾಲ್ಲೂಕಿನವರು.

ಈ ಸಲ ಓಡಾಡುವಾಗ ನಾವು ಪ್ರಶ್ನೆಯನ್ನೂ ಬದಲಿಸಿಕೊಂಡೆವು. ಮೊದಮೊದಲು 'ಯಾವ ಆಲ್ಬಂ ಚೆನ್ನಾಗಿದೆ' ಎಂದು ಕೇಳುತ್ತಿದ್ದೆವು. ಎಲ್ಲರೂ ನಮ್ಮ ಮುಖ ನೋಡಿ ನಮಗೆ ಬೇಕಾದ ಉತ್ತರ ಹುಡುಕುತ್ತಿದ್ದರು. ಆಮೇಲೆ 'ಇದರಲ್ಲಿ ಯಾವುದನ್ನು ನೀವೇ ಹಾಡಬಲ್ಲಿರಿ' ಎಂದು ಕೇಳತೊಡಗಿದೆವು. ಆಗ ಉತ್ತರದ ಬದಲು ಹಾಡೇ ಬಂತು. ನಮ್ಮ ಚಿಕ್ಕ ಓಡಾಟದಲ್ಲಿ ಹಾಗೆ ಬಾಯಿಗೆ ಬಂದದ್ದು ಮೊದಲ ಆಲ್ಬಂನಿಂದ ಎರಡು, ಎರಡನೇದರಿಂದ ಎರಡು. ನಾಲ್ಕೂ ಷರೀಫರವು. ನಮ್ಮ ಕಡೆಯವರು ಆಲ್ಬಂ ಯಾವುದು ಅಂತ ನೋಡದೆ ಪದ ಯಾವುದು ಅಂತ ನೋಡುತ್ತಾರೆ ಅನ್ನುವುದು ನಮಗೆ ಅಲ್ಲಿ ಅರ್ಥವಾಯಿತು. ಪದ ಸಾಗಿಸುವ ಗಾಡಿ ಬದಲಾಗುತ್ತಲೇ ಇರುತ್ತದೆ. ಏಕತಾರಿ ಆಯಿತು, ಹಾರ್ಮೋನಿಯಂ ಆಯಿತು, ಕ್ಯಾಸೆಟ್ ಆಯಿತು, ಗಿಟಾರು ಆಯಿತು.

ಹೋದ ಭಾನುವಾರ ಆ ಹುಡುಗನಿಗೆ ಫೋನು ಮಾಡಿದೆವು. ಆರೂ ಹಾಡನ್ನು ಪೂರ್ತಿ ಕೇಳಿದ್ದೇವೆ ಎಂದೆವು. ಮೂರನೇ ಹಾಡಿನಲ್ಲಿ ತಮಟೆ ದನಿಯನ್ನು ನುಂಗುತ್ತಿದೆ, ಫೋನಿನ ಸ್ಪೀಕರಿನಲ್ಲಿ ಹಾಕಿ ನೋಡು, ರಾಟೆ ಸದ್ದಿನ ನಡುವೆ ಕೇಳಿಸುತ್ತದಾ ನೋಡು ಎಂದೆವು. ಐದನೇದು ನಮಗೆ ಹಿಡಿಸಲಿಲ್ಲ, ಆದರೆ ಅದು ನಮ್ಮ ರುಚಿ, ನಮ್ಮ ಮಾತು ಕೇಳಿ ತೆಗೆಯಬೇಡ ಎಂದೆವು. ಮೊದಲ ಐದು ಹಾಡಿಗಿಂತ ಇವು ಚೆನ್ನಾಗಿವೆಯಾ ಎಂದು ಕೇಳಿದ. ಅದಕ್ಕೆ ಈಗಲೇ ಉತ್ತರ ಕೊಡುವುದಿಲ್ಲ ಎಂದೆವು. ಕೈವಾರದ ಆ ಹಿರಿಯರಿಗೆ ಕೇಳಿಸು, ಅವರ ಮೇಳ ಎತ್ತಿಕೊಂಡರೆ ಗೊತ್ತಾಗುತ್ತದೆ.

ನಾಲ್ಕು ಹಾಡು ಇನ್ನೂ ಹಾಕಿಲ್ಲ. ಹಾಕಿದ ದಿನ ಇಲ್ಲಿ ತಿಳಿಸುತ್ತೇವೆ. ದಯವಿಟ್ಟು ಪೂರ್ತಿ ಕೇಳಿ, ಆಮೇಲೆ ಬೈಯಿರಿ.